ತೇಗದ ಬದಲು ಹೊನ್ನೆ ಹಾಕಿದರೆ ಮನೆಗೆ ಆಗುತ್ತಾ?

ಹಾಸನದಲ್ಲಿ ಮನೆ ಕಟ್ಟಿಸ್ತಿದ್ದೀರಿ, ಸಕಲೇಶಪುರದ ಕಡೆಯಿಂದ ಹೊನ್ನೆ ಸಿಗುತ್ತಿದೆ. ಬಾಗಿಲು, ಕಿಟಕಿ, ಮಂಚ, ಬೀರು ಎಲ್ಲಕ್ಕೂ ಅದೇ ಸಾಕಾ, ಇಲ್ಲಾ ತೇಗವೇ ಬೇಕಾ ಅಂತ ಕೇಳಿದ್ದೀರಿ. ಚೌಕಟ್ಟುಗಳಿಗೆ ಧಾರಾಳವಾಗಿ ಹಾಕಿ. ಬಾಗಿಲಿಗೆ, ಮರ ಒಣಗಿದ್ದರೆ ಹಾಕಿ. ಬೀರುವಿಗೆ ಬೇಡ.

ನಾನು ಮೂಡಿಗೆರೆ ಕಡೆಯವನು. ನಮ್ಮ ಭಾಗದ ಹಳೇ ತೊಟ್ಟಿಮನೆಗಳಲ್ಲಿ ತೊಲೆ, ಬಾಗಿಲವಾಡಗಳಿಗೆ ಹೊನ್ನೆ ಸಾಮಾನ್ಯ. ಅದರ ಚೇಗು (ಕಾಂಡದ ಒಳಗಿನ ಬಲಿತ ಗಾಢ ಭಾಗ) ಗಟ್ಟಿ, ಗೆದ್ದಲು ಸುಲಭಕ್ಕೆ ಹತ್ತಿರ ಬರಲ್ಲ. ಆದರೆ ಈ ಮಾತೆಲ್ಲ ಚೇಗಿಗೆ ಮಾತ್ರ. ಸುತ್ತಲಿನ ಬಿಳಿ ಭಾಗವನ್ನು ಹುಳ ಬಿಡಲ್ಲ. ಪಾಲಿಶ್ ಬಳಿದ ಮೇಲೆ ಯಾವುದು ಬಿಳಿ ಯಾವುದು ಚೇಗು ಅಂತ ಗೊತ್ತೇ ಆಗಲ್ಲ, ಹಾಗಾಗಿ ಕೊಯ್ಯಿಸುವಾಗಲೇ ಎದುರು ನಿಂತು ತೆಗೆಸಿ. ತೇಗಕ್ಕೂ ಇದೇ ಲೆಕ್ಕ. ಎಳೇ ಪ್ಲಾಂಟೇಶನ್ ತೇಗ, ಅರ್ಧ ಬಿಳಿಯೇ ಇರುವಂಥದ್ದು, ಹೆಸರಿಗೆ ತೇಗ ಅಷ್ಟೇ. ಅದಕ್ಕಿಂತ ಬಲಿತ ಹೊನ್ನೆಯನ್ನೇ ನಾನು ಆರಿಸ್ಕೊಳ್ತೀನಿ.

ಈಗ ತೂಕ. ಒಣಗಿದ ಹೊನ್ನೆ ಘನ ಮೀಟರಿಗೆ ಸುಮಾರು 800 ಕೆಜಿ, ತೇಗ ಸುಮಾರು 650. ಏಳು ಅಡಿ ಎತ್ತರ, ಮೂರೂವರೆ ಅಡಿ ಅಗಲ, ಒಂದೂವರೆ ಇಂಚು ದಪ್ಪದ ಇಡೀ ಹಲಗೆ ಬಾಗಿಲು ಅಂದರೆ ಹೊನ್ನೆಯಲ್ಲಿ 70 ಕೆಜಿ ಹತ್ತಿರ, ತೇಗದಲ್ಲಿ 56 ಕೆಜಿ ಆಸುಪಾಸು. ಮೂರು ಕೀಲು ಸಾಕು ಅಂತ ಆಚಾರಿ ಅಂದರೂ ನಾಲ್ಕು ಹಾಕಿಸಿ. ಬೀರು ಬೇಡ ಅಂದಿದ್ದೂ ಇದಕ್ಕೇ. ತೂಕದ ಜೊತೆಗೆ ಎಳೆ ಒಂದಕ್ಕೊಂದು ಹೆಣೆದುಕೊಂಡಿರುತ್ತದೆ, ಉಜ್ಜುಗೊರಡು ಒಂದು ಕಡೆ ನುಣ್ಣಗೆ ಹೋದರೆ ಪಕ್ಕದಲ್ಲೇ ಸಿಬರು ಎಬ್ಬಿಸುತ್ತದೆ. ತೆಳು ಹಲಗೆಯ ನಾಜೂಕು ಕೆಲಸಕ್ಕೆ ಅದು ಒಗ್ಗಲ್ಲ. ಮಂಚದ ಕಾಲು, ಚೌಕಟ್ಟಿಗೆ ಪರವಾಗಿಲ್ಲ. ಬೀರುವಿಗೆ ಹಲಸು ನೋಡಿ. ಉಳಿಗೆ ಬಗ್ಗುತ್ತದೆ, ಹಳದಿ ಬಣ್ಣ ವರ್ಷ ಕಳೆದಂತೆ ಕೆಂಗಂದಾಗುತ್ತದೆ, ಪಾಲಿಶ್ ಚೆನ್ನಾಗಿ ಕೂರುತ್ತದೆ.

ಹೊನ್ನೆಯದು ಇನ್ನೊಂದು ಗುಣ, ಬಣ್ಣ ಬಿಡೋದು. ತೊಗಟೆ ಕಚ್ಚು ಮಾಡಿದರೆ ರಕ್ತದಂಥ ಕೆಂಪು ಅಂಟು ಸುರಿಯುತ್ತದೆ. ಚೇಗಿನ ಚೂರನ್ನು ನೀರಿಗೆ ಹಾಕಿ ಬಿಸಿಲಿಗೆ ಹಿಡಿದರೆ ನೀರು ನೀಲಿ ಹೊಳೆಯುತ್ತದೆ. ಸಕ್ಕರೆ ಕಾಯಿಲೆಗೆ ಅಂತ ಮಾರುವ ಲೋಟ ಇದೇ ಮರದ್ದು (ಅದನ್ನು ನಂಬಿ ಮಾತ್ರೆ ಬಿಡಬೇಡಿ). ನಿಮ್ಮ ಮನೆಯಲ್ಲಿ ಇದರ ಪರಿಣಾಮ ಏನಂದರೆ, ತೇವ ಆರದ ಚೌಕಟ್ಟು ಕೂರಿಸಿದರೆ ಸುಣ್ಣ ಬಳಿದ ಗೋಡೆಗೆ ಹಳದಿ ಕಲೆ ಇಳಿಯುತ್ತದೆ. ಗೋಡೆಗೆ ತಾಗುವ ಮೂರೂ ಬದಿಗೆ, ಕೂರಿಸುವ ಮೊದಲೇ, ಎರಡು ಕೈ ಪ್ರೈಮರ್ ಹೊಡೆಸಿ.

ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದ್ದು ಒಣಗಿಸೋದರ ಬಗ್ಗೆ. ಸಕಲೇಶಪುರದ ಜುಲೈ ಗಾಳಿಯಲ್ಲಿ ಮರ ನೀರು ಹಿಡಿದುಕೊಂಡೇ ಇರುತ್ತದೆ. ಆಗ ಬಾಗಿಲು ಮಾಡಿಸಿ ಹಾಸನಕ್ಕೆ ತಂದರೆ ಮಾರ್ಚ್ ಹೊತ್ತಿಗೆ ಜೋಡಣೆ ಬಿರಿದು ಬೆಳಕು ಕಾಣುತ್ತದೆ. ಕೊಯ್ದ ಹಲಗೆಗಳನ್ನು ಹಾಸನಕ್ಕೇ ತರಿಸಿ, ನೆರಳಲ್ಲಿ, ನಡುನಡುವೆ ಪಟ್ಟಿ ಕೊಟ್ಟು ಗಾಳಿಯಾಡುವಂತೆ ಪೇರಿಸಿ. ತುದಿಗಳಿಗೆ ಪೇಂಟ್ ಬಳಿಯಿರಿ, ಇಲ್ಲದಿದ್ದರೆ ಸೀಳು ಅಲ್ಲಿಂದಲೇ ಶುರು. ಇಂಚು ದಪ್ಪಕ್ಕೆ ಒಂದು ವರ್ಷ ಅನ್ನೋದು ಹಳೇ ಲೆಕ್ಕ. ಅಷ್ಟು ಕಾಯಲು ಆಗದಿದ್ದರೆ ಕಿಲ್ನ್‌ನಲ್ಲಿ (ಮರ ಒಣಗಿಸುವ ಬಿಸಿ ಕೋಣೆ) ಒಣಗಿಸಿದ್ದೇ ತಗೊಳ್ಳಿ. "ಒಣಗಿದೆ ಸಾರ್" ಅನ್ನುವ ಸಾಮಿಲ್ ಮಾತಿಗಿಂತ ಸಣ್ಣದೊಂದು ತೇವಾಂಶ ಮೀಟರ್ ಮೇಲು. ಶೇ 12ರ ಆಸುಪಾಸು ತೋರಿಸಿದರೆ ಆಚಾರಿಯನ್ನು ಕರೆಯಿರಿ.

ಕಾಗದ ಪತ್ರ ಮರೀಬೇಡಿ. ಸ್ವಂತ ಕಾಫಿ ತೋಟದ ಹೊನ್ನೆಯಾದರೂ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಸಾಗಿಸಲು ಪಾಸ್ ಬೇಕು. 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಕಡಿಯುವ ಅನುಮತಿಯಿಂದ ವಿನಾಯಿತಿ ಇರೋದು ಸಿಲ್ವರ್ ಓಕ್, ನೀಲಗಿರಿಯಂಥ ಕೆಲವಕ್ಕೆ ಮಾತ್ರ. ಮುಂಗಡ ಕೊಡುವ ಮೊದಲೇ ಬಿಲ್ಲು, ಪಾಸ್ ಎರಡೂ ತೋರಿಸಲು ಹೇಳಿ. "ಲೋಡ್ ಬಂದ ಮೇಲೆ ಕೊಡ್ತೀನಿ" ಅಂದರೆ ಆ ವ್ಯಾಪಾರ ಬಿಟ್ಟುಬಿಡಿ. ಅದೇ ಮನುಷ್ಯ ಜೊತೆಗೆ ಎರಡು ತುಂಡು ಬೀಟೆಯೂ (ರೋಸ್‌ವುಡ್) ಇದೆ ಅಂತ ಪಿಸುಗುಟ್ಟಿದರಂತೂ ಫೋನ್ ಇಟ್ಟುಬಿಡಿ.