ತೋಟದ ಮನೆಯಲ್ಲಿ ಸಿಕ್ಕ ಪುಟ್ಟ ಪಾಪ್ ರೆಕಾರ್ಡ್‌ಗಳಲ್ಲಿ ಒಂದೊಂದು ಕಡೆ ಒಂದೇ ಹಾಡು ಯಾಕೆ?

ಚಿಕ್ಕಮಗಳೂರಿನ ತೋಟದ ಮನೆಯ ಅಟ್ಟದಲ್ಲಿ ನಿಮಗೆ ಸಿಕ್ಕಿರುವುದು 'ಸಿಂಗಲ್'. ಅಗಲ 7 ಇಂಚು, ನಿಮಿಷಕ್ಕೆ 45 ಸುತ್ತು. 1949ರಲ್ಲಿ ಅಮೆರಿಕದ ರೆಕಾರ್ಡ್ ಕಂಪನಿ ಆರ್‌ಸಿಎ ವಿಕ್ಟರ್ ಇದನ್ನು ಮಾರುಕಟ್ಟೆಗೆ ತಂದಿತು. ಒಂದು ಕಡೆ ಹಿಡಿಯುವುದು ಹೆಚ್ಚುಕಮ್ಮಿ ಒಂದು ಹಾಡು. ಗೆಲ್ಲುತ್ತದೆ ಅಂತ ಕಂಪನಿ ನಂಬಿದ್ದು ಎ ಸೈಡಿಗೆ, ಸುಮ್ನೆ ಜೊತೆಗಿರಲಿ ಅನ್ನುವಂಥದ್ದು ಬಿ ಸೈಡಿಗೆ.

ಮಜಾ ಇರುವುದು ಇಲ್ಲೇ. 1954ರಲ್ಲಿ ಅಮೆರಿಕದ ರಾಕ್ ಗಾಯಕ ಬಿಲ್ ಹೇಲಿಯ 'ರಾಕ್ ಅರೌಂಡ್ ದ ಕ್ಲಾಕ್' ಬಂದಿದ್ದು ಬಿ ಸೈಡಿನಲ್ಲಿ. ಆಗ ಅಷ್ಟೇನೂ ಓಡಲಿಲ್ಲ. ಮರುವರ್ಷ 'ಬ್ಲಾಕ್‌ಬೋರ್ಡ್ ಜಂಗಲ್' ಸಿನಿಮಾದ ಶುರುವಿಗೇ ಹಾಕಿದರು ನೋಡಿ, ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇ ಹೋಯಿತು. ಎ ಸೈಡಿನ ಹಾಡು ಈಗ ಯಾರಿಗೆ ನೆನಪಿದೆ? ಅದಕ್ಕೇ ನಾನು ಯಾವ ಸಿಂಗಲ್ ಸಿಕ್ಕರೂ ಮೊದಲು ತಿರುಗಿಸಿ ಹಾಕುತ್ತೇನೆ.

ನಡುವಿನ ತೂತು ದೊಡ್ಡದಿದ್ದರೆ ಅಡಾಪ್ಟರ್, ಅಂದರೆ ಆ ತೂತಿಗೆ ಕೂರಿಸುವ ಪುಟ್ಟ ಬಿಲ್ಲೆ, ಬೇಕು. ನಮ್ಮ ಮಳೆಗಾಲ ಗೊತ್ತಲ್ವಾ, ಕವರಿಗೆ ಬೂಷ್ಟು ಹಿಡಿಯುತ್ತದೆ. ನನ್ನವು ನಾಲ್ಕು ಹೀಗೇ ಹಾಳಾದವು. ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದ ಹಾಗೆ ನಿಲ್ಲಿಸಿಡಿ. ಮತ್ತೆ, ಲೇಬಲ್ ಪಕ್ಕದ ನುಣುಪು ಜಾಗವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಗೀಚಿದ ಅಕ್ಷರ, ಅಂಕಿ ಕಾಣುತ್ತವೆ. ಯಾವ ಅಚ್ಚಿನಿಂದ ಒತ್ತಿದ ಪ್ರತಿ ಅಂತ ಹುಡುಕಲು ಅದೇ ಸುಳಿವು.