ಓದುಗರ ಪ್ರಶ್ನೆ: ಹಸಿರು ಬಾಟಲಿಯ ಬಿಯರ್ ಏಕೆ ನಾರುತ್ತದೆ?

ಕಳೆದ ಸಂಚಿಕೆಯಲ್ಲಿ ಮೊಳಕೆ ಕಾಳುಗಳ ಬಗ್ಗೆ ಬರೆಯುವಾಗ, ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿದರೆ ಬಿಯರಿನ ಮಾಲ್ಟ್ ಆಗುತ್ತದೆ ಎಂದು ಎರಡೇ ಸಾಲು ಸೇರಿಸಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಎರಡು ಸಾಲಿನ ಬೆನ್ನು ಹತ್ತಿದವು. ಇಪ್ಪತ್ತೊಂಬತ್ತು ವರ್ಷ ಬಿಯರ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ ದುಡಿದವಳು ನಾನು. ಬೆಳಗ್ಗೆ ಹನ್ನೊಂದು ಗಂಟೆಗೆ, ಉಪ್ಪಿಲ್ಲದ ಬ್ರೆಡ್ಡಿನ ಚೂರು ಪಕ್ಕದಲ್ಲಿಟ್ಟುಕೊಂಡು ಹಿಂದಿನ ದಿನದ ಬಿಯರಿನ ರುಚಿ ನೋಡುವುದು ನನ್ನ ಕೆಲಸದ ಒಂದು ಭಾಗವಾಗಿತ್ತು. ಹಾಗಾಗಿ ಈ ಸಲದ ಪುಟವನ್ನು ಪೂರ್ತಿಯಾಗಿ ಆ ಪತ್ರಗಳಿಗೇ ಕೊಟ್ಟಿದ್ದೇನೆ. ಕುಡಿಯದವರನ್ನು ಕುಡಿಯಿರಿ ಎನ್ನುವ ಉದ್ದೇಶ ನನ್ನದಲ್ಲ. ಕುಡಿಯುವವರಿಗೆ ಹಣಕ್ಕೆ ತಕ್ಕ ಮಾಲು ಸಿಗಬೇಕು, ಸುಳ್ಳು ನಂಬಿಕೆಗಳು ಹೋಗಬೇಕು ಎಂಬುದಷ್ಟೇ ನನ್ನ ಆಸೆ.

ಯುರೋಪಿನಿಂದ ಆಮದಾದ, ಹಸಿರು ಬಾಟಲಿಯ ದುಬಾರಿ ಬಿಯರ್ ತಂದಿದ್ದೆ. ಮುಚ್ಚಳ ತೆಗೆದ ಕೂಡಲೇ ಕೆಟ್ಟ ವಾಸನೆ. ಅದೇ ಅಂಗಡಿಯಲ್ಲಿ ಕೊಂಡ, ಅದರ ಅರ್ಧಕ್ಕಿಂತ ಕಡಿಮೆ ಬೆಲೆಯ ನಮ್ಮ ದೇಶದ ಬಿಯರ್ ಚೆನ್ನಾಗಿಯೇ ಇತ್ತು. ನನಗೆ ಕೊಟ್ಟದ್ದು ನಕಲಿ ಮಾಲೇ?
— ಓದುಗರು, ಮಂಗಳೂರು

ನಕಲಿ ಇರಲಾರದು. ಆ ಬಾಟಲಿ ಅಂಗಡಿಯಲ್ಲಿ ಎಲ್ಲಿ ನಿಂತಿತ್ತು ಎಂಬುದನ್ನು ನೆನಪಿಸಿಕೊಳ್ಳಿ. ಬೆಲೆ ಹೆಚ್ಚಿನ ಬಾಟಲಿಗಳನ್ನು ಎಲ್ಲರ ಕಣ್ಣಿಗೂ ಬೀಳುವಂತೆ ಗಾಜಿನ ಕಪಾಟಿನಲ್ಲಿ, ದೀಪದ ಕೆಳಗೆ ಸಾಲಾಗಿ ಇಡುತ್ತಾರೆ. ನಿಮ್ಮ ಬಿಯರನ್ನು ಕೆಡಿಸಿದ್ದು ಆ ಬೆಳಕು.

ಬಿಯರಿಗೆ ಕಹಿ ಕೊಡುವುದು ಹಾಪ್ಸ್ ಎಂಬ ಬಳ್ಳಿಯ ಹೂವು. ಅದನ್ನು ಕುದಿಸಿದಾಗ ಹುಟ್ಟುವ ಕಹಿ ಅಂಶಕ್ಕೆ ಬೆಳಕನ್ನು ಕಂಡರೆ ಆಗದು. ಬಿಯರಿನಲ್ಲೇ ಇರುವ ರೈಬೋಫ್ಲೇವಿನ್ ಎಂಬ ಜೀವಸತ್ವ ಬೆಳಕನ್ನು ಹೀರಿಕೊಂಡು ಆ ಅಂಶವನ್ನು ಮುರಿಯುತ್ತದೆ. ಮುರಿದ ತುಂಡು ಗಂಧಕದ ಜೊತೆ ಸೇರಿ ಒಂದು ಹೊಸ ವಸ್ತುವಾಗುತ್ತದೆ. ಒಂದು ಲೀಟರಿನಲ್ಲಿ ಗ್ರಾಮಿನ ಶತಕೋಟಿಯ ಕೆಲವೇ ಪಾಲು ಇದ್ದರೂ ಸಾಕು, ಮೂಗಿಗೆ ಗೊತ್ತಾಗುತ್ತದೆ. ಪಶ್ಚಿಮದವರು ಇದನ್ನು ಸ್ಕಂಕ್ ಎಂಬ ಪ್ರಾಣಿಯ ನಾತಕ್ಕೆ ಹೋಲಿಸುತ್ತಾರೆ. ಆ ಪ್ರಾಣಿ ನಮ್ಮಲ್ಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರಿಗೆ ನಾನು, ಬೆಕ್ಕು ಒದ್ದೆ ಮಾಡಿದ ಗೋಣಿಚೀಲಕ್ಕೆ ಸುಟ್ಟ ರಬ್ಬರು ಸೇರಿದಂತೆ ಎಂದು ಹೇಳಿಕೊಡುತ್ತಿದ್ದೆ. ಒಮ್ಮೆ ಹೇಳಿದರೆ ಯಾರೂ ಮರೆಯುತ್ತಿರಲಿಲ್ಲ.

ಕಂದು ಗಾಜು ಈ ಕೇಡು ತರುವ ಬೆಳಕನ್ನು ಬಹುಮಟ್ಟಿಗೆ ತಡೆಯುತ್ತದೆ. ಹಸಿರು ಗಾಜು ಸಾಕಷ್ಟನ್ನು ಒಳಗೆ ಬಿಡುತ್ತದೆ. ಬಣ್ಣವಿಲ್ಲದ ಗಾಜಿನಿಂದ ರಕ್ಷಣೆ ಇಲ್ಲವೇ ಇಲ್ಲ ಎನ್ನಬೇಕು. ಕೆಲವು ಕಂಪನಿಗಳು ಬಿಳಿ ಬಾಟಲಿಗೆಂದೇ, ಬೆಳಕಿಗೆ ಜಗ್ಗದಂತೆ ಮಾರ್ಪಡಿಸಿದ ಹಾಪ್ಸ್ ಸಾರವನ್ನು ಬಳಸುತ್ತವೆ. ಮನೆಯಲ್ಲೇ ಪರೀಕ್ಷಿಸಬೇಕೆಂದಿದ್ದರೆ ಒಂದು ಕಂದು, ಒಂದು ಹಸಿರು ಬಾಟಲಿಯನ್ನು ಮಧ್ಯಾಹ್ನದ ಬಿಸಿಲಿನಲ್ಲಿ ತಾರಸಿಯ ಮೇಲೆ ಅರ್ಧ ಗಂಟೆ ನಿಲ್ಲಿಸಿ, ತಣ್ಣಗಾದ ಮೇಲೆ ಎರಡನ್ನೂ ಲೋಟಕ್ಕೆ ಸುರಿದು ಮೂಸಿ ನೋಡಿ.

ಇನ್ನು ಪ್ರಯಾಣದ ಮಾತು. ಹಡಗಿನ ಕಂಟೇನರಿನಲ್ಲಿ ವಾರಗಟ್ಟಲೆ, ಬಂದರಿನ ಉಗ್ರಾಣದಲ್ಲಿ ಮತ್ತಷ್ಟು ದಿನ, ಆಮೇಲೆ ಲಾರಿಯ ದಾರಿ. ಬಿಯರನ್ನು ಮುಪ್ಪಾಗಿಸುವುದು ಈ ದಾರಿಯುದ್ದಕ್ಕೂ ತಗಲುವ ಸೆಕೆ. ಬಿಯರ್ ತಯಾರಕರಲ್ಲಿ ಒಂದು ಲೆಕ್ಕ ರೂಢಿಯಲ್ಲಿದೆ: 32 ಡಿಗ್ರಿಯಲ್ಲಿ 3 ದಿನ, 22 ಡಿಗ್ರಿಯಲ್ಲಿ 30 ದಿನ, 3 ಡಿಗ್ರಿಯಲ್ಲಿ 300 ದಿನ, ಈ ಮೂರರಲ್ಲೂ ಬಿಯರಿಗೆ ಹೆಚ್ಚುಕಡಿಮೆ ಒಂದೇ ವಯಸ್ಸಾಗುತ್ತದೆ. ನಾನು ಕೆಲಸಕ್ಕೆ ಸೇರಿದ ಮೊದಲ ಬೇಸಿಗೆಯಲ್ಲಿ ದೂರು ಪರಿಶೀಲಿಸಲು ರಾಯಚೂರಿಗೆ ಕಳುಹಿಸಿದ್ದರು. ಏಪ್ರಿಲ್ ತಿಂಗಳು. ಒಂದು ಗೋದಾಮಿನ ತಗಡಿನ ಚಾವಣಿಯ ಕೆಳಗೆ ಕ್ರೇಟುಗಳು ಆಳೆತ್ತರಕ್ಕೆ ಪೇರಿಸಿದ್ದವು, ಮೇಲಿನ ಸಾಲಿನ ಬಾಟಲಿಯನ್ನು ಬರಿಗೈಯಲ್ಲಿ ಹಿಡಿಯಲಾಗುತ್ತಿರಲಿಲ್ಲ. ಕಾರ್ಖಾನೆಯಿಂದ ಹೊರಟು ಮೂರು ವಾರವೂ ಆಗಿರದ ಆ ಬಿಯರಿನಲ್ಲಿ ಆಗಲೇ ಒದ್ದೆ ರಟ್ಟಿನ ರುಚಿ ಬಂದಿತ್ತು. ನಾವು ತಿಂಗಳುಗಟ್ಟಲೆ ಕಾಪಾಡಿಕೊಂಡು ಬಂದದ್ದು ತಗಡಿನ ಕೆಳಗೆ ಹಾಳಾದದ್ದನ್ನು ಕಂಡು ನನಗೆ ಅಳು ಬಂದಿತ್ತು.

ಮುಂದಿನ ಸಲ ದೇಶದ ಹೆಸರಿಗಿಂತ ಮೊದಲು ತಯಾರಾದ ತಿಂಗಳನ್ನು ಓದಿ. ಕಪಾಟಿನ ಬಾಟಲಿ ಬೇಡ, ಒಳಗಿನ ಮುಚ್ಚಿದ ಪೆಟ್ಟಿಗೆಯಿಂದ ಕೊಡಿ ಎಂದು ಕೇಳಿ. ಹೀಗೆ ಕೇಳುವುದರಲ್ಲಿ ಸಂಕೋಚ ಪಡಬೇಕಾಗಿಲ್ಲ.

ನಮ್ಮ ದೇಶದ ಬಿಯರಿಗೆ ಗ್ಲಿಸರಿನ್ ಬೆರೆಸುತ್ತಾರಂತೆ. ಬಾಟಲಿಯನ್ನು ನೀರಿನ ಲೋಟದಲ್ಲಿ ತಲೆಕೆಳಗಾಗಿ ಹಿಡಿದರೆ ಎಣ್ಣೆಯಂಥದ್ದು ಇಳಿದುಹೋಗುವುದನ್ನು ಕಣ್ಣಾರೆ ಕಂಡಿದ್ದೇನೆ. ವಿದೇಶದ ಬಿಯರಿನಲ್ಲಿ ಇದು ಇರುವುದಿಲ್ಲವಲ್ಲವೇ?
— ಓದುಗರು, ದಾವಣಗೆರೆ

ನೀವು ಕಂಡದ್ದು ನಿಜ, ಅದರ ಅರ್ಥವನ್ನು ಮಾತ್ರ ತಪ್ಪಾಗಿ ಹೇಳಿಕೊಟ್ಟಿದ್ದಾರೆ. ಮದುವೆ ಮನೆಯ ಹಿತ್ತಲಿನಲ್ಲೂ ಡಾಬಾದ ಮೇಜಿನ ಮೇಲೂ ಈ ಪ್ರಯೋಗವನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ಪ್ರತಿ ಸಲವೂ ತಡೆದು ವಿವರಿಸಿದ್ದೇನೆ.

ಗ್ಲಿಸರಿನ್ ನೀರಿನಲ್ಲಿ ಪೂರ್ತಿ ಕರಗುವ ವಸ್ತು. ಒಂದು ವೇಳೆ ಯಾರಾದರೂ ಬೆರೆಸಿದ್ದರೂ ಅದು ಬಾಟಲಿಯ ತುಂಬ ಸಮವಾಗಿ ಹರಡಿರುತ್ತದೆಯೇ ಹೊರತು, ಕುತ್ತಿಗೆಯಲ್ಲಿ ಬೇರೆಯಾಗಿ ಕುಳಿತು ಲೋಟ ಬರುವುದನ್ನು ಕಾಯುವುದಿಲ್ಲ. ಹಾಗಾದರೆ ಇಳಿಯುವುದು ಏನು? ಬಿಯರೇ. ಹುಳಿಯುವಾಗ ಯೀಸ್ಟ್ ಎಂಬ ಸೂಕ್ಷ್ಮಜೀವಿ ತಿನ್ನದೆ ಬಿಟ್ಟ ಸಕ್ಕರೆಯ ಅಂಶ ಉಳಿದಿರುವುದರಿಂದ ಸಾಮಾನ್ಯವಾಗಿ ಬಿಯರ್ ನೀರಿಗಿಂತ ತುಸು ಭಾರ. ಒಂದು ಲೀಟರ್ ನೀರು 1000 ಗ್ರಾಂ ತೂಗಿದರೆ ಬಿಯರ್ 1005ರಿಂದ 1010 ಗ್ರಾಂ ತೂಗಬಹುದು. ಭಾರವಾದದ್ದು ಲೋಟದ ತಳಕ್ಕೆ ಇಳಿಯುತ್ತದೆ, ಆ ಜಾಗಕ್ಕೆ ನೀರು ಬಾಟಲಿಯೊಳಗೆ ಏರುತ್ತದೆ. ಎರಡು ದ್ರವಗಳು ಸೇರುವ ಗಡಿಯಲ್ಲಿ ಬೆಳಕು ಬಾಗುವುದರಿಂದ ಎಣ್ಣೆಯ ದಾರದಂತೆ ತೇಲಾಡಿ ಕಾಣುತ್ತದೆ.

ನಂಬಿಕೆ ಬರದಿದ್ದರೆ ಹೀಗೆ ಮಾಡಿ. ಬಾಟಲಿಯೊಂದರಲ್ಲಿ ನೀರು ತುಂಬಿ ಮೂರು ಚಮಚ ಸಕ್ಕರೆ ಕದಡಿ. ಬಾಯನ್ನು ಬೆರಳಿನಿಂದ ಮುಚ್ಚಿ, ತಲೆಕೆಳಗಾಗಿಸಿ ಶುದ್ಧ ನೀರಿನ ಲೋಟದಲ್ಲಿ ಮುಳುಗಿಸಿ, ಬೆರಳು ತೆಗೆಯಿರಿ. ಅದೇ ಎಣ್ಣೆದಾರ ಇಳಿಯುತ್ತದೆ. ಅದರಲ್ಲಿ ಗ್ಲಿಸರಿನ್ ಎಲ್ಲಿಂದ ಬಂತು? ಬೆಲ್ಜಿಯಂನಿಂದ ಬಂದ ದಟ್ಟವಾದ ಬಿಯರಿನಲ್ಲಿ ನಾನು ಇದನ್ನು ಮಾಡಿ ತೋರಿಸಿದ್ದೇನೆ, ನಮ್ಮದಕ್ಕಿಂತ ದಪ್ಪ ದಾರ ಇಳಿದಿತ್ತು.

ಅಂದಹಾಗೆ, ಲೋಕದ ಎಲ್ಲ ಬಿಯರಿನಲ್ಲೂ ಗ್ಲಿಸರಿನ್ ಲೀಟರಿಗೆ ಒಂದೆರಡು ಗ್ರಾಂನಷ್ಟು ಇದ್ದೇ ಇರುತ್ತದೆ. ಯೀಸ್ಟ್ ಅದನ್ನು ತಾನೇ ತಯಾರಿಸುತ್ತದೆ. ಬಾಟಲಿ ಬೋರಲು ಹಾಕುವುದರಿಂದ ನೀವು ಕಳೆದುಕೊಳ್ಳುವುದು ಬಿಯರನ್ನು, ಪಡೆದುಕೊಳ್ಳುವುದು ಲೋಟದ ನೀರನ್ನು. ಮರುದಿನದ ತಲೆನೋವಿಗೆ ಕಾರಣ ಹುಡುಕುವುದಿದ್ದರೆ ಶೇಕಡಾ 8ರವರೆಗೆ ಮದ್ಯಸಾರ ಇರುವ ಸ್ಟ್ರಾಂಗ್ ಬಿಯರನ್ನು ಎಷ್ಟು ಬಾಟಲಿ ಕುಡಿದಿರಿ ಎಂಬ ಲೆಕ್ಕದಿಂದ ಶುರು ಮಾಡಿ.

ಕ್ಯಾನ್ ಒಳ್ಳೆಯದೋ ಬಾಟಲಿಯೋ? ಕ್ಯಾನಿನದು ಲೋಹದ ರುಚಿ ಎನ್ನುತ್ತಾರೆ.
— ಓದುಗರು, ಹುಬ್ಬಳ್ಳಿ

ಬಿಯರಿನ ಹಿತ ನೋಡುವುದಾದರೆ ಕ್ಯಾನ್. ಬೆಳಕು ಒಳಗೆ ಹೋಗುವುದಿಲ್ಲ. ಬಾಟಲಿಯ ಮುಚ್ಚಳದ ಒಳಪದರದ ಮೂಲಕ ಕಾಲಕ್ರಮದಲ್ಲಿ ಅತಿ ಸ್ವಲ್ಪ ಗಾಳಿ ಒಳಸೇರುತ್ತದೆ, ಕ್ಯಾನಿನ ಮಡಚಿದ ಅಂಚಿನಲ್ಲಿ ಅದಕ್ಕೂ ಆಸ್ಪದವಿಲ್ಲ. 1935ರ ಜನವರಿಯಲ್ಲಿ ಅಮೆರಿಕದ ರಿಚ್ಮಂಡ್ ನಗರದಲ್ಲಿ ಮೊದಲ ಸಲ ಕ್ಯಾನ್ ಬಿಯರ್ ಮಾರಾಟಕ್ಕೆ ಬಂದಾಗಲೇ ಒಳಗೊಂದು ಲೇಪವಿತ್ತು. ಇಂದಿನ ಅಲ್ಯೂಮಿನಿಯಂ ಕ್ಯಾನಿನಲ್ಲೂ ಬಿಯರ್ ಲೋಹವನ್ನು ಮುಟ್ಟುವುದಿಲ್ಲ. ನೇರವಾಗಿ ಬಾಯಿಟ್ಟು ಕುಡಿಯುವಾಗ ಮೂಗು ಮುಚ್ಚಳಕ್ಕೆ ತಾಗುವಷ್ಟು ಹತ್ತಿರ ಇರುವುದರಿಂದ ಲೋಹದ ವಾಸನೆ ಬರುತ್ತದೆ. ಲೋಟಕ್ಕೆ ಸುರಿದುಕೊಳ್ಳಿ.

ಬಾಟಲಿಯ ಪರವಾಗಿಯೂ ಒಂದು ಮಾತು. ನಮ್ಮಲ್ಲಿ 650 ಮಿಲಿಲೀಟರಿನ ಕಂದು ಬಾಟಲಿಗಳು ಗುಜರಿಯಿಂದ ಕಾರ್ಖಾನೆಗೆ ಮರಳಿ, ಬಿಸಿ ಕಾಸ್ಟಿಕ್ ಸೋಡಾದಲ್ಲಿ ತೊಳೆದು, ತಪಾಸಣೆಯಾಗಿ ಮತ್ತೆ ತುಂಬಲ್ಪಡುತ್ತವೆ. ಭುಜದ ಮೇಲೂ ತಳದ ಬಳಿಯೂ ಬಿಳಿಯಾಗಿ ಸವೆದ ಉಂಗುರ ಕಂಡರೆ ಆ ಬಾಟಲಿ ಸುತ್ತು ಹೊಡೆದು ಬಂದಿದೆ ಎಂದರ್ಥ. ಆ ಉಂಗುರ ನೋಡಿ ಮೂಗು ಮುರಿಯುವವರಿದ್ದಾರೆ. ಸರಿಯಾಗಿ ತೊಳೆದ ಹಳೆಯ ಬಾಟಲಿಯಿಂದ ರುಚಿಗೆ ಯಾವ ಕೇಡೂ ಇಲ್ಲ.

ಮಗ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿದ್ದಾನೆ. ಅಲ್ಲಿ ಕಾನೂನಿನಿಂದಲೇ ಶುದ್ಧ ಬಿಯರ್, ನಮ್ಮಲ್ಲಿ ಅಕ್ಕಿ ಸಕ್ಕರೆ ಕಲಬೆರಕೆ ಎಂದು ವಾದಿಸುತ್ತಾನೆ. ಅಪ್ಪನಾಗಿ ಏನು ಉತ್ತರ ಕೊಡಲಿ?
— ಓದುಗರು, ಶಿವಮೊಗ್ಗ

ಮಗನ ಮಾತಿನಲ್ಲಿ ಅರ್ಧ ಸತ್ಯವಿದೆ. 1516ರಲ್ಲಿ ಇಂದಿನ ಜರ್ಮನಿಯ ಭಾಗವಾದ ಬವೇರಿಯಾದ ದೊರೆ ಇಂಗೋಲ್‌ಸ್ಟಾಟ್ ಊರಿನಲ್ಲಿ ಹೊರಡಿಸಿದ ಕಟ್ಟಳೆಯ ಪ್ರಕಾರ ಬಾರ್ಲಿ, ಹಾಪ್ಸ್, ನೀರು ಇಷ್ಟರಿಂದಲೇ ಬಿಯರ್ ಮಾಡಬೇಕು. ಯೀಸ್ಟಿನ ಹೆಸರೇ ಅದರಲ್ಲಿಲ್ಲ. ಆ ಕಟ್ಟಳೆಯಲ್ಲಿ ಬಿಯರಿನ ಬೆಲೆಯನ್ನೂ ಗೊತ್ತುಮಾಡಲಾಗಿತ್ತು, ಗೋಧಿ ರೊಟ್ಟಿಗೆ ಉಳಿಯಲಿ ಎಂಬ ಕಾಳಜಿಯೂ ಅದರ ಹಿಂದೆ ಇತ್ತೆನ್ನುತ್ತಾರೆ. ಈ ನಿಯಮಕ್ಕೆ ಹೊಂದದ ಹೊರದೇಶದ ಬಿಯರನ್ನು ಜರ್ಮನಿ ತಡೆಯುವಂತಿಲ್ಲ ಎಂದು ಯುರೋಪಿನ ನ್ಯಾಯಾಲಯ 1987ರಲ್ಲಿ ತೀರ್ಪು ಕೊಟ್ಟಿತು.

ಅಕ್ಕಿಯನ್ನು ಕಲಬೆರಕೆ ಎಂದು ನಾನು ಒಪ್ಪುವುದಿಲ್ಲ. ಅಮೆರಿಕಕ್ಕೆ ವಲಸೆ ಹೋದ ಜರ್ಮನ್ ಬಿಯರ್ ತಯಾರಕರೇ, ಅಲ್ಲಿನ ಬಾರ್ಲಿಯಲ್ಲಿ ಪ್ರೋಟೀನ್ ಹೆಚ್ಚಾಗಿ ಬಿಯರ್ ಮಬ್ಬಾಗುತ್ತದೆಂದು ಮೆಕ್ಕೆಜೋಳ, ಅಕ್ಕಿ ಸೇರಿಸತೊಡಗಿದರು. ಅಳತೆಯರಿತು ಹಾಕಿದ ಅಕ್ಕಿ ಬಿಯರನ್ನು ಹಗುರ ಮಾಡುತ್ತದೆ. ಸಕ್ಕರೆಯ ಬಗ್ಗೆ ಮಾತ್ರ ನಿಮ್ಮ ಮಗನ ಪಕ್ಷ ನನ್ನದು: ಮದ್ಯಸಾರ ಏರಿಸಲೆಂದೇ ಸಕ್ಕರೆ ಪಾಕ ಸುರಿದ ಬಿಯರಿನಲ್ಲಿ ತಿರುಳಿರುವುದಿಲ್ಲ, ಗಂಟಲಿನಲ್ಲಿ ಬಿಸಿ ಮಾತ್ರ ಉಳಿಯುತ್ತದೆ.

ಊರಿನ ಮಹಿಮೆ ಒಂದು ಕಾಲದಲ್ಲಿ ನೀರಿನ ಮಹಿಮೆಯಾಗಿತ್ತು. ಇಂದಿನ ಚೆಕ್ ದೇಶದ ಬೊಹೀಮಿಯಾ ಸೀಮೆಯ ಪ್ಲಜೆನ್ ಊರಿನ ನೀರು ಅತಿ ಮೆದು, ಅಂದರೆ ಲವಣ ತೀರ ಕಡಿಮೆ. 1842ರಲ್ಲಿ ಅಲ್ಲಿ ಯೋಸೆಫ್ ಗ್ರೋಲ್ ಎಂಬ ಬವೇರಿಯಾದ ತಯಾರಕ ಹೊಂಬಣ್ಣದ ತಿಳಿ ಬಿಯರ್ ಮಾಡಿದ. ಇಂದು ಲೋಕವೆಲ್ಲ ಕುಡಿಯುವ ಲಾಗರುಗಳಲ್ಲಿ (ತಂಪಿನಲ್ಲಿ ಹುಳಿಸಿ ಮಾಗಿಸುವ ಬಿಯರುಗಳಲ್ಲಿ) ಹೆಚ್ಚಿನವು ಅದರ ಸಂತತಿ. ಇಂಗ್ಲೆಂಡಿನ ಬರ್ಟನ್ ಊರಿನ ನೀರಿನಲ್ಲಿ ಜಿಪ್ಸಮ್ ಹೆಚ್ಚು, ಅದರಿಂದ ಹಾಪ್ಸಿನ ಕಹಿ ಚೊಕ್ಕಟವಾಗಿ ಎದ್ದು ಕಾಣುತ್ತದೆ. ಈಗ ಕಾರ್ಖಾನೆಗಳು ನೀರಿನ ಲವಣವನ್ನೆಲ್ಲ ತೆಗೆದು, ಬೇಕಾದ್ದನ್ನು ಬೇಕಾದಷ್ಟೇ ಸೇರಿಸುತ್ತವೆ. ಗೀಸರಿನೊಳಗೆ ಬಿಳಿ ಪೊರೆ ಕಟ್ಟಿಸುವಂಥ ಬೋರ್‌ವೆಲ್ ನೀರನ್ನು ಶುದ್ಧಗೊಳಿಸಿ, ಜಿಪ್ಸಮ್ ತೂಗಿ ಹಾಕಿ, ಬರ್ಟನ್ ನೀರಿಗೆ ಸರಿದೂಗಿಸಿದ್ದೇನೆ ನಾನು. ಹೆಸರಾಂತ ಎಷ್ಟೋ ಯುರೋಪಿನ ಬ್ರಾಂಡುಗಳು ಭಾರತದಲ್ಲೇ ತಯಾರಾಗುತ್ತವೆ, ಲೇಬಲ್ಲಿನ ಸಣ್ಣ ಅಕ್ಷರ ಓದಿದರೆ ಊರು ತಿಳಿಯುತ್ತದೆ. ಸ್ಟುಟ್‌ಗಾರ್ಟಿನಲ್ಲಿ ಮಗನಿಗೆ ಸಿಗುವ ಬಿಯರ್ ಚೆನ್ನಾಗಿರುವುದಕ್ಕೆ ದೊಡ್ಡ ಕಾರಣ, ಅದು ಹತ್ತಿರದಲ್ಲೇ ತಯಾರಾಗಿ ತಂಪಿನಲ್ಲಿ ಬೇಗ ಖರ್ಚಾಗುತ್ತದೆ ಎಂಬುದು.

ನಮ್ಮದು ಬಿಳಿಜೋಳದ ಸೀಮೆ. ಜೋಳದಿಂದ ಒಳ್ಳೆಯ ಬಿಯರ್ ಆಗುವುದೇ?
— ಓದುಗರು, ವಿಜಯಪುರ

ಎಲ್ಲ ಪತ್ರಗಳಲ್ಲಿ ನನಗೆ ಹೆಚ್ಚು ಸಂತೋಷ ಕೊಟ್ಟದ್ದು ಇದು. ಆಗುತ್ತದೆ. 1980ರ ದಶಕದಲ್ಲಿ ನೈಜೀರಿಯಾ ಸರಕಾರ ಬಾರ್ಲಿ ಮಾಲ್ಟಿನ ಆಮದನ್ನು ನಿಷೇಧಿಸಿದಾಗ ಅಲ್ಲಿನ ಕಾರ್ಖಾನೆಗಳು ಜೋಳಕ್ಕೆ ತಿರುಗಿದವು. ಐರ್ಲೆಂಡಿನ ಹೆಸರಾಂತ ಕಪ್ಪು ಬಿಯರ್ ಗಿನ್ನೆಸ್ ಕೂಡ ಅಲ್ಲಿ ಜೋಳದಿಂದ ತಯಾರಾಯಿತು.

ತೊಡಕುಗಳೂ ಇವೆ. ಬಾರ್ಲಿಗಿರುವ ಹೊಟ್ಟು ಸೋಸುವಾಗ ತಾನೇ ಜರಡಿಯಾಗುತ್ತದೆ, ಜೋಳಕ್ಕೆ ಆ ಹೊಟ್ಟಿಲ್ಲ. ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವದ ಬಲವೂ ಕಡಿಮೆ. ಅದಕ್ಕೆ ಮೊಳಕೆ ರಾಗಿಯ ಜೊತೆ ಮಾಡಿಸುವುದು ಒಳ್ಳೆಯ ಉಪಾಯ, ಸಿರಿಧಾನ್ಯಗಳಲ್ಲಿ ರಾಗಿಯ ಮಾಲ್ಟಿಗೆ ಆ ಬಲ ಚೆನ್ನಾಗಿದೆ. ಉಗಾಂಡಾದಲ್ಲಿ ರಾಗಿಯ ಬಿಯರನ್ನು ಒಂದೇ ಮಡಕೆಯ ಸುತ್ತ ಕುಳಿತು ಉದ್ದನೆಯ ಕೊಳವೆಗಳಿಂದ ಹೀರುತ್ತಾರೆ. ನಿಮ್ಮ ಮಾಲದಂಡಿ ಜೋಳದ ಬಿಳುಪು, ಸೌಮ್ಯ ಸಿಹಿ ನೆನೆದರೆ ಅದರಿಂದ ತಿಳಿಯಾದ ಹಗುರ ಬಿಯರ್ ಬರುತ್ತದೆಂಬ ಭರವಸೆ ನನಗಿದೆ.

ಪರವಾನಗಿ ಇಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವುದು ಅಪರಾಧ, ಆ ದಾರಿಗೆ ಹೋಗಬೇಡಿ. ಮಾಲ್ಟ್ ಮಾಡಿ ಗಂಜಿಗೆ ಬಳಸಲು ಅಡ್ಡಿಯಿಲ್ಲ. ಒಂದು ಎಚ್ಚರ ಮಾತ್ರ ಇರಲಿ. ಎಳೆ ಜೋಳದ ಪೈರು ಮೇಯ್ದ ದನ ನರಳಿ ಸಾಯುವುದನ್ನು ನಿಮ್ಮ ಕಡೆಯ ರೈತರು ಬಲ್ಲರು. ಆ ವಿಷದ ಅಂಶ ಜೋಳದ ಮೊಳಕೆಯಲ್ಲೂ ಇದೆ. ಕಾಳನ್ನು ಚೆನ್ನಾಗಿ ಒಣಗಿಸಿ, ಒರಟು ಬಟ್ಟೆಯ ಮೇಲೆ ಹರವಿ ಅಂಗೈಯಿಂದ ಉಜ್ಜಿ, ಬೇರು ಮೊಳಕೆಗಳೆಲ್ಲ ಉದುರಿದ ಮೇಲೆ ಮೊರದಲ್ಲಿ ಕೇರಿ, ಆಮೇಲೆ ಹಿಟ್ಟು ಮಾಡಿಸಿ.