ನಿವೃತ್ತ ಬಾಹ್ಯಾಕಾಶ ಸಲಕರಣೆಯನ್ನು ಹ್ಯಾಮ್ ರೇಡಿಯೊಗೆ (ಹವ್ಯಾಸಿಗಳ ರೇಡಿಯೊ ಸಂಪರ್ಕ) ಬಳಸಬಹುದೇ? ಮೈಸೂರಿನಲ್ಲಿ ಕೇಳಿಸುತ್ತದೆಯೇ?

ಬಳಸಬಹುದು, ಬಳಸಿಯೂ ಇದ್ದಾರೆ. 2006ರ ಫೆಬ್ರವರಿ 3ರಂದು ಬಾಹ್ಯಾಕಾಶ ನಿಲ್ದಾಣದಿಂದ ಹಳೆಯ ಓರ್ಲಾನ್ (ರಷ್ಯಾದ ಗಗನಯಾತ್ರಿಗಳ) ಉಡುಪೊಂದನ್ನು ಹೊರಕ್ಕೆ ತಳ್ಳಿದರು. ಒಳಗೆ ತುರುಕಿದ ಹಳೇ ಬಟ್ಟೆ, ಬ್ಯಾಟರಿ, ಕೈ ರೇಡಿಯೊ. ಹೆಲ್ಮೆಟ್ ಮೇಲೆ ಆಂಟೆನಾ. ಅದೇ ಸೂಟ್‌ಸ್ಯಾಟ್-1, 145.990 ಮೆಗಾಹರ್ಟ್ಸ್. ಸಿಗ್ನಲ್ ತೀರಾ ಕ್ಷೀಣ. ಸೌರಫಲಕ ಇಲ್ಲದ್ದರಿಂದ ಬ್ಯಾಟರಿ ಮುಗಿದರೆ ಕಥೆ ಮುಗಿಯಿತು. ಎರಡು ವಾರದಲ್ಲಿ ಮೌನವಾಯಿತು. ನಮ್ಮ ಇಸ್ರೋ ಈ ಕೊರತೆ ನೀಗಿಸಿತು: 2019ರ ಏಪ್ರಿಲ್ 1ರ ಪಿಎಸ್‌ಎಲ್‌ವಿ-ಸಿ45ರಲ್ಲಿ, ಕೆಲಸ ಮುಗಿಸಿದ ರಾಕೆಟ್ಟಿನ ನಾಲ್ಕನೇ ಹಂತಕ್ಕೆ ಸೌರಫಲಕ ಕೊಟ್ಟು, ಹ್ಯಾಮ್ ಹವ್ಯಾಸಿಗಳ ಸಂಸ್ಥೆ ಆಮ್‌ಸ್ಯಾಟ್ ಇಂಡಿಯಾದ ಎಪಿಆರ್‌ಎಸ್ (ಸ್ಥಾನ, ಚಿಕ್ಕ ಸಂದೇಶಗಳನ್ನು ಡೇಟಾ ರೂಪದಲ್ಲಿ ಕಳಿಸುವ ವ್ಯವಸ್ಥೆ) ಉಪಕರಣವನ್ನೂ ಹೊತ್ತೊಯ್ದಿತು.

ಕೇಳುವುದಕ್ಕೆ ಬಾಹ್ಯಾಕಾಶ ನಿಲ್ದಾಣದ 145.825 ಮೆಗಾಹರ್ಟ್ಸ್ (ಎಪಿಆರ್‌ಎಸ್) ಒಳ್ಳೆಯ ಆರಂಭ. 49 ಸೆಂ.ಮೀ. ಉದ್ದದ ಎರಡು ಅಲ್ಯೂಮಿನಿಯಂ ಕಡ್ಡಿಗಳನ್ನು 120 ಡಿಗ್ರಿ ಕೋನದಲ್ಲಿ ವಿ ಆಕಾರಕ್ಕೆ ಕೂರಿಸಿ, ನೆಲಕ್ಕೆ ಸಮಾನಾಂತರವಾಗಿ ತಾರಸಿಯಲ್ಲಿಡಿ. ಒಂದು ಕಡ್ಡಿಗೆ ಕೋಆಕ್ಸ್ ಕೇಬಲ್ಲಿನ ನಡುತಂತಿ, ಇನ್ನೊಂದಕ್ಕೆ ಅದರ ಹೊರಗಿನ ಹೆಣೆದ ತಂತಿ. ಕೇಬಲ್ಲಿನ ಇನ್ನೊಂದು ತುದಿ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್‌ಗೆ (ಕಂಪ್ಯೂಟರಿಗೆ ಚುಚ್ಚುವ ಪುಟ್ಟ ರೇಡಿಯೊ ರಿಸೀವರ್). ಕೇಬಲ್ ಗಿಡ್ಡವಿದ್ದಷ್ಟೂ ಒಳ್ಳೆಯದು.

ಮೈಸೂರಿನಲ್ಲಿ ಕಾಟ ಕೊಡುವುದು ಹೆಚ್ಚಾಗಿ ಎಫ್‌ಎಂ ಕೇಂದ್ರಗಳು. 100.6ರ ಆಕಾಶವಾಣಿಯಂಥ ಬಲವಾದ ಅಲೆಗೆ ಅಗ್ಗದ ಡಾಂಗಲ್ ತುಂಬಿ ತುಳುಕಿ, ಕ್ಷೀಣ ಸಿಗ್ನಲ್ ಮುಳುಗುತ್ತದೆ. ಗೇನ್ (ಡಾಂಗಲ್ ಸಿಗ್ನಲನ್ನು ವರ್ಧಿಸುವ ಪ್ರಮಾಣ) ತಗ್ಗಿಸಿ, ಸಾಲದಿದ್ದರೆ 88–108 ಮೆಗಾಹರ್ಟ್ಸ್ ತಡೆಯುವ ಫಿಲ್ಟರ್ ಹಾಕಿ. ಡಾಪ್ಲರ್ ಪರಿಣಾಮದಿಂದ (ವೇಗದಿಂದಾಗಿ ಆವರ್ತನ ಬದಲಾಗುವುದು) ನಿಲ್ದಾಣ ಬರುವಾಗ ಆವರ್ತನ ಸುಮಾರು 3.5 ಕಿಲೋಹರ್ಟ್ಸ್ ಮೇಲೆ, ಹೋಗುವಾಗ ಅಷ್ಟೇ ಕೆಳಗೆ ಸರಿಯುತ್ತದೆ. ಎಫ್‌ಎಂ ಬಗೆಯ ಸಿಗ್ನಲ್‌ಗೆ ಸಣ್ಣ ತಿದ್ದುಪಡಿ ಸಾಕು. ಚಾಮುಂಡಿ ಬೆಟ್ಟದ ಬುಡದಲ್ಲಿದ್ದರೆ ಬೆಟ್ಟದ ಕಡೆಯ ತಗ್ಗು ಪಾಸ್ (ನಿಲ್ದಾಣ ನಮ್ಮ ಆಕಾಶ ದಾಟುವ ಸರದಿ) ಬಿಟ್ಟು, ದಿಗಂತದಿಂದ 40 ಡಿಗ್ರಿ ಮೀರಿದ್ದಕ್ಕೆ ಕಾಯಿರಿ. ತಿರುಗಿ ಮಾತಾಡಲು ಹ್ಯಾಮ್ ಪರವಾನಗಿ ಬೇಕೇ ಬೇಕು.